ಅವ್ವನ ಹರಕೆ

ಕಿಟಕಿಯಾಚೆ ಹಸಿರು ಇಳಕಲ್ ಸೀರೆ ಕಂಡದ್ದೇ ತಡ, ಪ್ರಯೋಗಶಾಲೆಯಲ್ಲಿದ್ದ ರೂಪಾಲಿ ಬ್ಯೂರೆಟ್ಟಿನ ನಳ ಮುಚ್ಚುವುದನ್ನೇ ಮರೆತಳು. ಹನಿಹನಿಯಾಗಿ ಬೀಳಬೇಕಾದದ್ದು ಧಾರೆಯಾಗಿ ಬಿತ್ತು. ತಿಳಿ ಗುಲಾಬಿಗೆ ನಿಲ್ಲಬೇಕಿದ್ದ ದ್ರಾವಣ ಕಡುಗೆಂಪಾಯಿತು. ಅವಳು ಮೇಜಿನ ಕೆಳಗೆ ಕುಳಿತುಬಿಟ್ಟಳು.

"ಏನ್ ಬಿತ್ತ ರೂಪಾ?" ಪಕ್ಕದಲ್ಲಿದ್ದ ಗೆಳತಿ ದೀಪಾಲಿ ಬಗ್ಗಿ ಕೇಳಿದಳು.

"ಏನೂ ಬಿದ್ದಿಲ್ಲ. ನಮ್ಮವ್ವ ಬಂದಾಳ. ಸುಮ್ಮ ನಿಲ್ಲು."

ಅಕ್ಕಲಕೋಟದ ಈ ಕಾಲೇಜಿನಲ್ಲಿ ರೂಪಾಲಿ ರಸಾಯನಶಾಸ್ತ್ರ ಓದುತ್ತಿದ್ದಾಳೆಂದು ಮನೆಯಲ್ಲಿ ಹೇಳಿರಲಿಲ್ಲ. ಸೊಲ್ಲಾಪುರದಲ್ಲಿ ಸೀರೆ ಅಂಗಡಿ ಇಟ್ಟಿರುವ ಅಪ್ಪ ನಾಗಣ್ಣನ ಪ್ರಕಾರ ಅವಳು ಬಿಬಿಎ ಮೊದಲ ವರ್ಷ. "ಬಿಬಿಎ ಮಾಡು, ದುಕಾನ ನಿಂದ. ಬ್ಯಾರೆ ಏನರ ಅಂದಿ, ಕಾರ್ತಿಕದಾಗ ತುಳಸಿ ಲಗ್ನದ ಹಬ್ಬ ಮುಗಿದ ಮರುದಿನಾನ ವರ ನೋಡ್ತೀನಿ," ಎಂದು ಜೂನ್ ತಿಂಗಳಲ್ಲೇ ಹೇಳಿದ್ದ. ಹೇಳಿದ್ದನ್ನು ಮಾಡುವ ಆಸಾಮಿ ಅವನು.

ಹದಿನೈದು ದಿನ ಬಿಬಿಎ ತರಗತಿಯಲ್ಲಿ ಕುಳಿತು ನೋಡಿದಳು. ಅಪ್ಪನ ಮಾತನ್ನೇ ಇಂಗ್ಲಿಷಿನಲ್ಲಿ ಕೇಳಿದಂತಾಯಿತು. ಪಡಸಾಲೆಯ ಆ ತುದಿಯ ಪ್ರಯೋಗಶಾಲೆಯಲ್ಲಿ ಒಂದು ಹನಿಗೆ ಬಣ್ಣ ಬದಲಾಗುವುದನ್ನು ಕಂಡಳು, ಅಷ್ಟೇ. ಅಪ್ಪನ ಸಹಿಯನ್ನು ತಾನೇ ಹಾಕಿ ಬಿಎಸ್ಸಿಗೆ ಜಿಗಿದಳು. ಸೊಲ್ಲಾಪುರದ ಯಾವ ಓಣಿಗೆ ಹೋದರೂ ಅಪ್ಪನ ಗಿರಾಕಿ ಒಬ್ಬರಾದರೂ ಎದುರಾಗುತ್ತಾರೆ. ಅಕ್ಕಲಕೋಟದಲ್ಲಿ ಆ ಕಾಟವಿಲ್ಲವೆಂದು ನೆಮ್ಮದಿಯಾಗಿದ್ದಳು.

ಆ ನೆಮ್ಮದಿ ಶ್ರಾವಣದವರೆಗೆ ಮಾತ್ರ. ಆಗಲೇ ಅವ್ವ ಗಿರಿಜಾಬಾಯಿ ಹರಕೆ ಹೊತ್ತಳು. ಓದು ದಡ ಮುಟ್ಟುವ ತನಕ ದಿನಾಲೂ ಅಕ್ಕಲಕೋಟಕ್ಕೆ ಹೋಗಿ ಅಲ್ಲಿನ ಗುಡಿಯಲ್ಲಿ ಸ್ವಾಮಿಗಳ ದರ್ಶನ. ನಾಗಣ್ಣ ಯಾರ ಮಾತಿಗಾದರೂ ಅಡ್ಡ ಬರುತ್ತಾನೆ, ಸ್ವಾಮಿಗಳಿಗೆ ಮಾತ್ರ ಅಡ್ಡ ಬರಲಾರ. ಮೇಲಾಗಿ ಸರ್ಕಾರಿ ಎಸ್ಟಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಹೆಂಡತಿಯ ಭಕ್ತಿಯನ್ನು ಅವನು ಅಂಗಡಿಯಲ್ಲಿ ಕುಳಿತು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ರೂಪಾಲಿ ಮುಂಜಾನೆಯ ಬಸ್ಸಿಗೆ ಹೊರಟರೆ, ಅವ್ವ ಅಡುಗೆ ಮುಗಿಸಿ ಮುಂದಿನ ಬಸ್ಸು ಹಿಡಿಯುತ್ತಿದ್ದಳು. ದರ್ಶನಕ್ಕೆ ಎಷ್ಟು ಹೊತ್ತು ಬೇಕು? ಅವ್ವ ಮನೆಗೆ ಮರಳುತ್ತಿದ್ದದ್ದು ಸಂಜೆ, ಕೈಯಲ್ಲಿ ಪೇಢೆಯ ಪೊಟ್ಟಣ ಹಿಡಿದು. ಸ್ವಾಮಿಗಳ ಹೆಸರು ಮುಂದಿಟ್ಟುಕೊಂಡು ಅವ್ವ ತನ್ನ ಬೆನ್ನು ಹತ್ತಿದ್ದಾಳೆಂದು ರೂಪಾಲಿಗೆ ಖಾತ್ರಿಯಾಯಿತು. ಕಾಲೇಜಿನ ಪಡಸಾಲೆಯಲ್ಲಿ ಆ ಹಸಿರು ಸೆರಗು ಸುಳಿದದ್ದು ಇದು ಮೂರನೆಯ ಸಲ.

ಮನೆಯಲ್ಲಿ ಅವ್ವನ ವರಸೆಯೂ ಹಾಗೇ ಇತ್ತು. ಕಪಾಟಿನಲ್ಲಿದ್ದ ಬಿಬಿಎ ಪುಸ್ತಕಗಳು ಒಂದೊಂದಾಗಿ ಮಾಯವಾದವು. ಕೇಳಿದರೆ, "ನೀ ಹೆಂಗಿದ್ರೂ ಮುಟ್ಟಂಗಿಲ್ಲ, ಧೂಳ ಹಿಡದಿದ್ವು, ತಗದಿಟ್ಟೀನಿ," ಎಂದಳು. ಸಾಕ್ಷಿ ಕೂಡಿಸುತ್ತಿದ್ದಾಳೆ ಎಂದುಕೊಂಡು ರೂಪಾಲಿ ಮತ್ತೆ ಬಾಯಿ ಬಿಡಲಿಲ್ಲ.

ನಿನ್ನೆ ಊಟಕ್ಕೆ ಕುಳಿತಾಗ ಅಪ್ಪ ಜೋಳದ ಭಕ್ರಿ ಮುರಿಯುತ್ತ ಕೇಳಿದ, "ರೂಪಾ, ಎದರಗಿನ ದುಕಾನದವ ಡಿಸ್ಕೌಂಟ್ ಬೋರ್ಡ್ ಹಾಕ್ಯಾನ. ನಾನೂ ಹಾಕ್ಲೇನ? ನಿಮ್ಮ ಬಿಬಿಎದಾಗ ಏನಂತಾರ?"

ರೂಪಾಲಿ ನೀರಿನ ಲೋಟ ಎತ್ತಿ ಗಟಗಟ ಕುಡಿಯತೊಡಗಿದಳು. ಶೇಂಗಾ ಚಟ್ನಿ ಬಡಿಸಲು ಬಂದ ಅವ್ವ ಕೈ ತಡೆದಳು.

"ಒಮ್ಮೆ ರೇಟ್ ಇಳಿಸಿದ್ರ ಗಿರಾಕಿ ಮತ್ತ ಪೂರಾ ರೇಟಿಗೆ ಬರಂಗಿಲ್ರಿ. ಅವನ ಕಡೆ ಇಲ್ಲದ ಸೀರಿ ನೀವು ಇಡ್ರಿ," ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ಇದ ಅಲ್ಲೇನ ರೂಪಾ, ಮೊನ್ನೆ ಕ್ಲಾಸಿನ್ಯಾಗ ಹೇಳಿದ್ದು?"

"ಹೂಂ," ಎಂದಳು ರೂಪಾಲಿ. ಅಪ್ಪ ಖುಷಿಯಾಗಿ ಇನ್ನೊಂದು ಭಕ್ರಿ ಹಾಕಿಸಿಕೊಂಡ. ಅವ್ವನ ತುಟಿಯಂಚಿನ ನಗು ಮಗಳ ಕಣ್ಣಿಗೆ ಬಿತ್ತು. ಇಲಿಯನ್ನು ಆಡಿಸುವ ಬೆಕ್ಕಿನ ನಗು ಅದು. ರಾತ್ರಿಯೆಲ್ಲ ಅವಳಿಗೆ ನಿದ್ದೆ ಹತ್ತಲಿಲ್ಲ.

ಈಗ ಮೇಜಿನ ಕೆಳಗೆ ಕುಳಿತವಳಿಗೆ ಸಾಕೋ ಸಾಕಾಯಿತು. ಇವತ್ತಲ್ಲ ನಾಳೆ ಸಿಕ್ಕಿಬೀಳುವುದೇ. ಅಪ್ಪನ ಕಿವಿಗೆ ಬೀಳುವ ಮುಂಚೆ ಅವ್ವನ ಕಾಲು ಹಿಡಿಯುವುದು ಮೇಲು. ಬಿಳಿ ಕೋಟು ಬಿಚ್ಚದೆಯೇ ಓಡಿ, ಪಡಸಾಲೆಯಲ್ಲಿ ಅವ್ವನಿಗೆ ಅಡ್ಡ ನಿಂತಳು.

"ಯವ್ವಾ, ತಪ್ಪಾತು. ಬಿಬಿಎ ಬಿಟ್ಟು ಕೆಮಿಸ್ಟ್ರಿ ತಗೊಂಡೀನಿ. ಅಪ್ಪಾರ ಸಹಿನೂ ನಾನ ಮಾಡೀನಿ."

"ಗೊತ್ತೈತಿ," ಎಂದಳು ಗಿರಿಜಾಬಾಯಿ. "ಶ್ರಾವಣದಾಗ ನಿನ್ನ ನೋಡಿ ಹೋಗೂಣು ಅಂತ ಬಂದಿದ್ದೆ. ಬಿಬಿಎ ಕ್ಲಾಸಿನ್ಯಾಗ ನೀ ಇರಲಿಲ್ಲ."

"ಅಪ್ಪಾರಿಗೆ ಹೇಳ್ತಿಯೇನ? ನನ್ನ ಕಲಿಯೂದು ಬಿಡಸ್ತಾರವ್ವಾ." ರೂಪಾಲಿಯ ಕಣ್ಣು ತುಂಬಿತು.

ಅವ್ವ ಮಗಳ ಕೋಟಿನ ಮೇಲಿನ ಕಲೆಯನ್ನು ಬೆರಳಿನಿಂದ ಒರೆಸಿ ನೋಡಿದಳು. ಅದು ಹೋಗಲಿಲ್ಲ.

"ನಾ ಹೇಳಂಗಿಲ್ಲ. ಆದ್ರ ನೀನೂ ಹೇಳಬಾರದು."

"ನಾ ಏನ್ ಹೇಳೂದೈತಿ?"

ಅಷ್ಟರಲ್ಲಿ ಗಂಟೆ ಹೊಡೆಯಿತು. ಗಿರಿಜಾಬಾಯಿಯ ಮುಖದಲ್ಲಿ ಗಾಬರಿ ಕಾಣಿಸಿಕೊಂಡಿತು. "ದಾರಿ ಬಿಡು, ತಡಾ ಆತು," ಎನ್ನುತ್ತ ಮಗಳನ್ನು ಪಕ್ಕಕ್ಕೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎದುರಿನ ಕೋಣೆಯೊಳಗೆ ನುಗ್ಗಿದಳು. ಒಳಗೆ ಬಿಬಿಎ ಮೊದಲ ವರ್ಷದ ಉದಯಕುಮಾರ ಸರ್ ಆಗಲೇ ಹಾಜರಿ ಕೂಗುತ್ತಿದ್ದರು.

"ಗಿರಿಜಾಬಾಯಿ ನಾಗಣ್ಣ..."

"ಪ್ರೆಸೆಂಟ್, ಸರ್," ಎಂದಳು ಅವ್ವ.