ಹಸ್ತಾಂತರದ ತಾರೀಖು

"ನಾವೀಗ ನಿಂತಿರುವ ಈ ನೆಲ ಇಲ್ಲಿನ ಮೂಲನಿವಾಸಿಗಳಾದ ಓಲೋನಿ ಜನರದ್ದು. ಅವರು ಇದನ್ನು ಎಂದೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ" ಎಂದು ಹಿಸ್ಟಾರಿಕಲ್ ಸೊಸೈಟಿಯ ಅಧ್ಯಕ್ಷೆ ಮಾರ್ಗರೆಟ್ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಓದಿದಾಗ, ಮಡಚುವ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ದೇವೇಂದ್ರಪ್ಪನವರಿಗೆ ಥಟ್ಟನೆ ಎಚ್ಚರವಾಯಿತು. ಆಕೆ ನಿಂತಿದ್ದದ್ದು ಅವರ ಮಗನ ಮನೆಯ ಅಂಗಳದಲ್ಲಿ. ಪಕ್ಕದ ಕುರ್ಚಿಯಲ್ಲಿ ಸೊಸೆ ಭುವನೇಶ್ವರಿ ಪ್ರತಿ ವಾಕ್ಯಕ್ಕೂ ಭಕ್ತಿಯಿಂದ ತಲೆಯಾಡಿಸುತ್ತಿದ್ದಳು.

ದೇವೇಂದ್ರಪ್ಪ ವಿಜಯಪುರ ಜಿಲ್ಲೆಯಲ್ಲಿ ತಹಶೀಲ್ದಾರರಾಗಿ ನಿವೃತ್ತರಾದವರು. ಮೂವತ್ನಾಲ್ಕು ವರ್ಷ ಜಮೀನಿನ ಕಾಗದಗಳಲ್ಲೇ ಮುಳುಗೆದ್ದ ಮನುಷ್ಯ. ನಲವತ್ತು ಸಾಕ್ಷಿಗಳ ಎದುರು, ಅಚ್ಚು ಹಾಕಿಸಿದ ಕಾಗದ ಹಿಡಿದು, ಮೈಕಿನಲ್ಲಿ ಕೊಟ್ಟ ಕಬೂಲಿ ಎಂದರೆ ಏನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗನ ಮನೆ ಕೈಬಿಟ್ಟಂತೆಯೇ.

"ಭುವನವ್ವ, ನಮ್ಮ ಮನಿ ಜಾಗಾನೂ ಬಂತೇನು ಅದರಾಗ?" ಎಂದು ಪಿಸುಗುಟ್ಟಿದರು.

"ಬಂತು. ಕೌಂಟಿ, ಅಂದ್ರ ಇಡೀ ಜಿಲ್ಲಾನ ಬಂತು. ಲ್ಯಾಂಡ್ ಅಕ್ನಾಲೆಜ್‌ಮೆಂಟು ಅಂತಾರ ಮಾವಾರ, ನೆಲ ಮೊದಲ ಯಾರದಿತ್ತು ಅಂತ ನೆನೆಸೂದು. ಇಲ್ಲೆ ಎಲ್ಲಾ ಫಂಕ್ಷನ್ನಿನಾಗೂ ಮೊದಲ ಓದತಾರ, ರಿಸ್ಪೆಕ್ಟಿಗೆ. ಸುಮ್ಮ ಕೂಡ್ರಿ."

"ಮತ್ತ ನೀ ಯಾಕ ಗೋಣ ಹಾಕಿದಿ?"

"ಎಲ್ಲಾರೂ ಹಾಕಿದ್ರು."

"ಸಹಿ ಏನರ ಮಾಡೀಯೇನು?"

"ಗೆಸ್ಟ್ ಬುಕ್ಕಿನಾಗ ಮಾಡೀನಿ."

ದೇವೇಂದ್ರಪ್ಪ ಕಣ್ಣು ಮುಚ್ಚಿಕೊಂಡರು. ಎರಡೆರಡು ಡಿಗ್ರಿ ಮಾಡಿದ ಹುಡುಗಿ. ಅತ್ತ ಮಗ ಸಂತೋಷಕುಮಾರ, ತನ್ನ ಮನೆ ಪರರ ಪಾಲಾಗುತ್ತಿದೆ ಎಂಬ ಖಬರೇ ಇಲ್ಲದೆ, ಅಡಿಗೆಮನೆಯಲ್ಲಿ ಬಂದವರಿಗೆಲ್ಲ ಮಿರ್ಚಿ ಭಜಿ ಕರಿಯುತ್ತಿದ್ದ.

ಇಷ್ಟೆಲ್ಲ ಆ ಹಳೇ ಮನೆಗೆ ಹಾಕುವ ಒಂದು ಹಿತ್ತಾಳೆ ಫಲಕದ ಸಲುವಾಗಿ. 1853ರಲ್ಲಿ ಹಿರಾಮ್ ಕಾಬ್ ಎಂಬಾತ ಎತ್ತಿನ ಗಾಡಿಯಲ್ಲಿ ಗುಡ್ಡ ದಾಟಿ ಈ ಕರಾವಳಿ ಕೌಂಟಿಗೆ ಬಂದು, ಖಾಲಿ ಬಿದ್ದಿದ್ದ ನೆಲದಲ್ಲಿ ಮರ ಕೊಯ್ಯುವ ಮಿಲ್ಲು ಹಾಕಿ, ಇದೇ ಮನೆ ಕಟ್ಟಿದನಂತೆ. ಖಾಲಿ ನೆಲವನ್ನು ದೇವೇಂದ್ರಪ್ಪ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಫಲಕದ ಪಕ್ಕ ಕಾಬ್‌ನ ಫೋಟೋ ಇಟ್ಟಿದ್ದರು. ಉದ್ದನೆ ಗಡ್ಡ, ಮೊಣಕಾಲ ಮೇಲೆ ಕೈ, ಮುಖದಲ್ಲಿ ಮಹಾ ಪ್ರಾಮಾಣಿಕತೆ. ನೋಡಿದ ತಕ್ಷಣ ಅವರಿಗೆ ಗುರುತು ಹತ್ತಿತು. ಸರ್ಕಾರಿ ಗೋಮಾಳಕ್ಕೆ ರಾತ್ರೋರಾತ್ರಿ ಬೇಲಿ ಹಾಕಿ, ಬೆಳಿಗ್ಗೆ ಕಚೇರಿಗೆ ಬಂದು 'ನಮ್ಮ ಅಜ್ಜನ ಕಾಲದಿಂದ ಉಳತೀವ್ರಿ' ಎನ್ನುತ್ತಿದ್ದವರೆಲ್ಲ ಹೀಗೇ ಇರುತ್ತಿದ್ದರು. ಆದರೆ ಅವರು ಕಾಬ್‌ಗಿಂತ ವಾಸಿ. ತಮ್ಮ ಹೆಸರಿನ ಫಲಕ ಕೇಳುತ್ತಿರಲಿಲ್ಲ.

ತಕರಾರು ಸಲ್ಲಿಸಲು ಇಲ್ಲಿ ಎಷ್ಟು ದಿನ ಗಡುವೋ ಗೊತ್ತಿಲ್ಲ. ದೇವೇಂದ್ರಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಸೊಸೆ ಅವರ ಅಂಗಿ ಜಗ್ಗಿದ್ದು ಲೆಕ್ಕಕ್ಕೆ ಬರಲಿಲ್ಲ. ಹಿರಿಯರೊಬ್ಬರು ನಾಲ್ಕು ಮಾತಾಡುತ್ತಾರೆಂದು ಖುಷಿಪಟ್ಟು ಮಾರ್ಗರೆಟ್ ತಾನೇ ಮೈಕು ತಂದುಕೊಟ್ಟಳು.

"ಮೇಡಂ," ಎಂದರು ತಮ್ಮ ಕಚೇರಿಯ ಇಂಗ್ಲಿಷಿನಲ್ಲಿ. "ಡೇಟ್ ಆಫ್ ಹ್ಯಾಂಡಿಂಗ್ ಓವರ್ ಪೊಸೆಷನ್?"

ಆಕೆಗೆ ತಿಳಿಯಲಿಲ್ಲ. ದೇವೇಂದ್ರಪ್ಪ ಬಿಡಿಸಿ ಕೇಳಿದರು: ಜಾಗ ಅವರದೆಂದು ಒಪ್ಪಿದ್ದೀರಿ, ಸರಿ. ವಾಪಸು ಕೊಡುವುದು ಯಾವತ್ತು?

"ಕೊಡುವುದು ಅಂತೇನಿಲ್ಲ. ನಾವು ಓದುತ್ತೇವೆ" ಎಂದಳು ಮಾರ್ಗರೆಟ್.

"ಓದಿ?"

"ಒಂದು ನಿಮಿಷ ಮೌನವಾಗಿರುತ್ತೇವೆ."

"ಆಮೇಲೆ?"

ಮಾರ್ಗರೆಟ್ ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿ ನೋಡಿಕೊಂಡಳು. "ಆಮೇಲೆ ಚೀಸ್ ಮತ್ತು ವೈನ್ ಇದೆ."

ದೇವೇಂದ್ರಪ್ಪನವರಿಗೆ ಹೋದ ಜೀವ ಬಂದಂತಾಯಿತು. "ನೋ ಅಬ್ಜೆಕ್ಷನ್" ಎಂದು ಮೈಕು ಹಿಂತಿರುಗಿಸಿ ಕುಳಿತರು. ನಾಚಿಕೆಯಿಂದ ಕೆಂಪಾಗಿದ್ದ ಸೊಸೆಯ ಕಡೆ ವಾಲಿದರು.

"ಮನಿಗೆ ಏನೂ ಆಗಂಗಿಲ್ಲ, ಆರಾಮಿರು. ಭಾಳ ಶಾಣ್ಯಾ ಮಂದಿ ಇವರು. ನಮ್ಮ ಕಡೆ ಜಾಗಾ ಉಳಿಸಿಕೊಳ್ಳಾಕ ಸಾಯೂತನಾ ಕಬೂಲ ಆಗಂಗಿಲ್ಲ. ಇವರು ಕಬೂಲ ಆಗೇ ಇಟಗೊಂಡಾರ."

ಫಲಕದ ಪರದೆ ಸರಿಯಿತು, ಚಪ್ಪಾಳೆಯಾಯಿತು, ಜನ ತಿಂಡಿಯ ಮೇಜಿಗೆ ಮುಗಿಬಿದ್ದರು. ಆಗ ಮುಂದಿನ ಸಾಲಿನಿಂದ, ನರೆತ ಕೂದಲನ್ನು ಒಂದೇ ಜಡೆ ಹೆಣೆದಿದ್ದ ಹೆಂಗಸೊಬ್ಬಳು ಎದ್ದು ನೇರ ಇವರತ್ತ ಬಂದಳು. ಸೊಸೈಟಿಯವರು ಓಕ್ಲ್ಯಾಂಡಿನಿಂದ ಮುಖ್ಯ ಅತಿಥಿಯಾಗಿ ಕರೆಸಿದ್ದ ಓಲೋನಿ ಹಿರಿಯಳು. ಆಕೆಯ ಇಂಗ್ಲಿಷನ್ನು ಭುವನೇಶ್ವರಿ ಮೆಲ್ಲಗೆ ಕನ್ನಡಕ್ಕಿಳಿಸಿದಳು.

"ಹನ್ನೆರಡು ವರ್ಷದಿಂದ ಆಕಿನ್ನ ಇಂಥಾ ಫಂಕ್ಷನ್ನಿಗೆ ಕರೀತಾರಂತ. ತಾರೀಖು ಕೇಳಿದವರು ನೀವೊಬ್ಬರ ಅಂತ ಮಾವಾರ."

ದೇವೇಂದ್ರಪ್ಪ ಕೈಮುಗಿದರು. ಹೆಂಗಸು ಮನೆಯನ್ನೊಮ್ಮೆ ನೋಡಿ, ಅವರನ್ನು ನೋಡಿ, ಮತ್ತೇನೋ ಕೇಳಿದಳು. ಅದನ್ನೂ ಭುವನೇಶ್ವರಿಯೇ ಕನ್ನಡಕ್ಕಿಳಿಸಿದಳು.

"ಮನಿ ನಿಮ್ಮದ ಅಂತಲ್ಲ, ಹಂಗಾರ ನೀವ ಹೇಳ್ರಿ, ಯಾವ ತಾರೀಖು ಅಂತ ಕೇಳಾಕತ್ಯಾಳ."

ಅದು ಚೇಷ್ಟೆಯೋ ನಿಜವೋ ಆಕೆಯ ಮುಖದಲ್ಲಿ ತಿಳಿಯುವಂತಿರಲಿಲ್ಲ. ಮೂವತ್ನಾಲ್ಕು ವರ್ಷ ಮೇಜಿನ ಆಚೆ ನಿಂತು ಇದನ್ನೇ ಕೇಳಿದವರಿಗೆಲ್ಲ ದೇವೇಂದ್ರಪ್ಪನವರಲ್ಲಿ ಇದ್ದದ್ದು ಒಂದೇ ಉತ್ತರ. ಬಾಯಿಗೆ ಬರುವಾಗಲೇ ಅವರಿಗೆ ನಾಚಿಕೆಯಾಯಿತು. ಆದರೂ ಬಂದೇಬಿಟ್ಟಿತು. ಎದ್ದು, ಅತ್ಯಂತ ಗೌರವದಿಂದ ತಮ್ಮ ಕುರ್ಚಿಯನ್ನು ಆಕೆಯತ್ತ ಸರಿಸಿದರು.

"ಕೂಡ್ರಿ ತಾಯಿ, ಚಾ ತರಸ್ತೀನಿ. ಸೋಮವಾರ ಬರ್ರಿ, ನೋಡೂಣು."