ಹೊಗೆ ಬಿಡದ ಅಪರಾಧ

ಲೊರೇನ್ ಮೇಲಿದ್ದ ಆರೋಪ ಒಂದೇ: ಅವಳ ಬಾಯಿಂದ ಹೊಗೆ ಬರುತ್ತಿಲ್ಲ.

"ಮೂರು ವಾರದ ಕ್ಯಾಮೆರಾ ನೋಡಿದೀನಿ," ಎಂದಳು ಸಿಬ್ಬಂದಿ ವಿಭಾಗದ ಜೆಮ್ಮಾ, ಚಹಾದ ಲೋಟ ಪಕ್ಕಕ್ಕೆ ಸರಿಸುತ್ತಾ. "ಕೈಲಿ ಇ-ಸಿಗರೇಟು ಇರುತ್ತೆ, ಬಾಯಿಗೂ ಹೋಗುತ್ತೆ. ಹೊಗೆ ಮಾತ್ರ ಒಂದೆಳೆನೂ ಇಲ್ಲ. ನಿಜ ಹೇಳಿ, ನೀವು ಸೇದ್ತೀರೋ ಇಲ್ವೋ?"

ಐವತ್ತೆಂಟರ ಲೊರೇನ್‌ಗೆ ಮೈಯೆಲ್ಲ ಉರಿಯಿತು. ಕದ್ದು ಸೇದಿ ಸಿಕ್ಕಿಬಿದ್ದವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಸೇದದೆ ಸಿಕ್ಕಿಬಿದ್ದವಳು ಬರ್ನ್ಲಿ ಊರಿನ ಈ ಲಕೋಟೆ ಕಾರ್ಖಾನೆಯಲ್ಲಿ ಅವಳೇ ಮೊದಲು.

ಕಾರ್ಖಾನೆಯ ಕರುಣೆ ದೊಡ್ಡದು. ಒಳಗೆ ಸೇದಕೂಡದೆಂದು ಗೋಡೆಗೋಡೆಗೂ ಅಂಟಿಸಿದ ಮೇಲೆ, ಪಾಪ, ಚಟವೂ ಒಂದು ಕಾಯಿಲೆಯೇ ಅಲ್ಲವೇ ಎಂದು ಮನಸ್ಸು ಕರಗಿ, ಹೆಸರು ಬರೆಸಿದವರಿಗೆ ದಿನಾ ಹನ್ನೊಂದಕ್ಕೆ ಹತ್ತು ನಿಮಿಷ ಬಿಡುವು ಕೊಟ್ಟಿತ್ತು. ಹಿತ್ತಲಲ್ಲಿ ಶೀಟು ಹೊದಿಸಿ ಬೆಂಚೂ ಹಾಕಿಸಿತ್ತು. ಅದೇ ಹತ್ತು ನಿಮಿಷವನ್ನು ಲೊರೇನ್ ಕೂಡ ಕೇಳಿದ್ದಳು. ಅವಳ ಗಂಡ ಕ್ಲಿಫ್ ಪಾರ್ಶ್ವವಾಯು ಹೊಡೆದು ಮನೆಯಲ್ಲಿ ಒಬ್ಬನೇ ಇರುತ್ತಾನೆ. ಹನ್ನೊಂದಕ್ಕೆ ಫೋನ್ ಮಾಡಿ ಮಾತ್ರೆ ನುಂಗಿಸದಿದ್ದರೆ ನುಂಗುವುದೇ ಇಲ್ಲ, ಇಲ್ಲವೇ ಎರಡೆರಡು ಸಲ ನುಂಗುತ್ತಾನೆ. ಯಂತ್ರದ ಹತ್ತಿರ ಫೋನ್ ತರುವಂತಿಲ್ಲ. ಜೆಮ್ಮಾ ಅಂದು ಬಹಳ ಮರುಗಿ, ಗಂಡನಿಗೆಂದು ಬಿಡುವು ಕೊಡಲು ನಿಯಮದಲ್ಲಿ ಜಾಗವೇ ಇಲ್ಲ ಎಂದಿದ್ದಳು. ಮರುದಿನವೇ ಲೊರೇನ್ ಅಕ್ಕನ ಮಗಳು ಬಿಸಾಕಿದ್ದ ಖಾಲಿ ಇ-ಸಿಗರೇಟು ಹಿಡಿದು ಬಂದು ಹೆಸರು ಬರೆಸಿದ್ದಳು.

"ಸೇದಲ್ಲ," ಎಂದಳು ಈಗ. "ಗಂಡನಿಗೆ ಫೋನ್ ಮಾಡ್ತೀನಿ. ಯಾರಿಗೇನು ತೊಂದ್ರೆ?"

"ನಿಜವಾಗ್ಲೂ ಸೇದೋರಿಗೆ ಅನ್ಯಾಯ ಆಗುತ್ತಲ್ಲ." ಜೆಮ್ಮಾ ಮೇಜಿನ ಖಾನೆಯಿಂದ ಹೊಸ ಇ-ಸಿಗರೇಟೊಂದನ್ನು ತೆಗೆದು ಮುಂದಿಟ್ಟಳು. "ಮಾವಿನಹಣ್ಣಿನ ರುಚಿ ಇದೆ. ನನ್ನೆದುರಿಗೆ ಒಂದು ದಮ್ಮು ಎಳೀರಿ, ಫೈಲ್ ಮುಚ್ಚಿಬಿಡ್ತೀನಿ. ಇಲ್ಲಾಂದ್ರೆ ಬಿಡುವು ರದ್ದು."

ಹನ್ನೊಂದಕ್ಕೆ ಎರಡೇ ನಿಮಿಷವಿತ್ತು. ಹುಟ್ಟಿದಾಗಿನಿಂದ ಒಂದು ಸಿಗರೇಟನ್ನೂ ಮುಟ್ಟದ ಲೊರೇನ್ ಕಣ್ಣು ಮುಚ್ಚಿ ಎಳೆದಳು. ಹೊಗೆ ಬಂತು. ಅದರ ಹಿಂದೆಯೇ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಜೆಮ್ಮಾ ತೃಪ್ತಿಯಿಂದ 'ಸಿಬ್ಬಂದಿ ಆರೋಗ್ಯ' ಎಂಬ ತಲೆಬರಹದ ಹಾಳೆಗೆ ಸಹಿ ಹಾಕಿದಳು.

ಹಿತ್ತಲಿಗೆ ಓಡಿ ಲೊರೇನ್ ಮನೆಗೆ ಫೋನ್ ಮಾಡಿದಳು. ಬಾಯಿ ತೆರೆದರೆ ಮಾತಿನ ಬದಲು ಕೆಮ್ಮು. ಕ್ಲಿಫ್ ಯಾರು ಯಾರು ಎಂದು ಕೇಳಿ ಇಟ್ಟುಬಿಟ್ಟ. ಮತ್ತೆ ಮಾಡಿದಳು, ಮತ್ತೆ ಇಟ್ಟ. ಮೂರನೆಯ ಸಲ ಅವನಿಗೂ ರೇಗಿತು.

"ಯಾರ್ರೀ ಅದು, ಸುಮ್ನೆ ಫೋನ್ ಇಡ್ರೀ. ಹನ್ನೊಂದಕ್ಕೆ ನನ್ ಹೆಂಡ್ತಿ ಮಾಡ್ತಾಳೆ."