ಒಳಗಿನ ಮುಖ

ಮನಸ್ಸಿನಲ್ಲಿರುವ ಭಾವವನ್ನೇ ಫೋಟೊದ ಮುಖದಲ್ಲಿ ಮೂಡಿಸುವ ಕ್ಯಾಮೆರಾಗಳನ್ನು ಕಂಪನಿ ಹಿಂದಕ್ಕೆ ಪಡೆಯುತ್ತಿತ್ತು. ನಕ್ಕವರು ಅಳುತ್ತಾ ಕಾಣುತ್ತಾರೆಂದು ಊರೂರಿಂದ ದೂರು ಬಂದಿತ್ತು. ಗದಗಿನ ಸ್ಟುಡಿಯೊದಲ್ಲಿ ನೀಲಾಂಬಿಕೆಯ ಮೇಜಿನ ಮೇಲೂ ಕಂಪನಿಯ ಪ್ರತಿನಿಧಿ ಹೊಸ ಮಾಡೆಲ್ ತಂದಿಟ್ಟು, ಹಳೆಯದಕ್ಕಾಗಿ ಕಾಯುತ್ತಿದ್ದ.

ಅಷ್ಟರಲ್ಲಿ ಶಿವಲಿಂಗಪ್ಪ ಮಗಳು ಸುವರ್ಣಾಳನ್ನು ಕರೆತಂದ. ವರನ ಮನೆಗೆ ಫೋಟೊ ಕಳಿಸಬೇಕಿತ್ತು. ಹುಡುಗಿ ಚೆಂದವಾಗಿ ನಕ್ಕಳು. ನೀಲಾಂಬಿಕೆ ರೂಢಿಯಂತೆ ಹಳೆಯದರಲ್ಲೇ ತೆಗೆದಳು. ಪರದೆಯ ಮೇಲೆ ಸುವರ್ಣಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

“ವಾಪಸ್ ತಗೊಳ್ಳಾಕ ಹತ್ತಿದ್ದು ಇದ ಹೌದಲ್ರಿ? ಹೊಸಾದ್ರಾಗ ತೆಗೀರಿ,” ಎಂದ ಶಿವಲಿಂಗಪ್ಪ.

ಹೊಸದರಲ್ಲಿ ನಗು ನಗುವಾಗಿಯೇ ಬರುತ್ತದೆಂದು ನೀಲಾಂಬಿಕೆಗೆ ಗೊತ್ತಿತ್ತು. ಆದರೂ ಅದನ್ನೆತ್ತಲು ಕೈ ಬರಲಿಲ್ಲ.

“ತೆಗೀತೀನ್ರಿ. ಮೊದಲ ಇದನ್ನೊಮ್ಮೆ ನೀವ ನೋಡ್ರಿ,” ಎಂದು ಹಳೆಯ ಕ್ಯಾಮೆರಾವನ್ನು ಅವನ ಕೈಗಿತ್ತಳು.

ಅವನು ಬಹಳ ಹೊತ್ತು ನೋಡಿದ. ಆಮೇಲೆ ಮಗಳ ಪಕ್ಕ ಕುಳಿತು ಮೆಲ್ಲಗೆ ಕೇಳಿದ: “ಈ ಸಂಬಂಧ ನಿನಗ ಬ್ಯಾಡೇನವ್ವಾ?”

“ಬ್ಯಾಡಪ್ಪಾ.”

ತಂದೆ ಮಗಳು ಮತ್ತೆ ಫೋಟೊ ತೆಗೆಸದೆಯೇ ಎದ್ದು ಹೋದರು. ನೀಲಾಂಬಿಕೆ ಪ್ರತಿನಿಧಿಯ ಕಡೆ ತಿರುಗಿದಳು. “ಹೊಸಾದನ್ನ ನೀವ ಒಯ್ರಿ. ಇದನ್ನ ನಾ ಕೊಡಂಗಿಲ್ಲ.”

ಅವನು ಹೊಸದನ್ನು ಪೆಟ್ಟಿಗೆಗೆ ಹಾಕಿಕೊಳ್ಳುವಾಗ, ಅವಳ ಕೈಯಲ್ಲಿದ್ದ ಕ್ಯಾಮೆರಾಕ್ಕೆ ತನ್ನ ಮುಖ ಕಾಣದಂತೆ ಗೋಡೆಯತ್ತ ತಿರುಗಿ ನಿಂತ.